ಪ್ಯಾಕಾರ್ಡ್ ಕಾರಿನ ಬೆಲ್ಟು

ಹಳೆಯ ಕಾರಿನ ಏಸಿ ಬದಲಿಸಿದರೆ ಅದರ ಅಸಲಿತನ ಕೆಡುತ್ತದೆ ಎನ್ನುವವರು 1940ರ ಅಮೆರಿಕದ ಪ್ಯಾಕಾರ್ಡ್ ಕಾರನ್ನು ನೋಡಬೇಕು. ಅದರ ಏಸಿಯ ತಂಪು ಮಾಡುವ ಕಾಯಿಲ್ ಡಿಕ್ಕಿಯ ಅರ್ಧ ಜಾಗ ನುಂಗಿತ್ತು. ಕಂಪ್ರೆಸರ್‌ಗೆ ಕ್ಲಚ್ಚೇ ಇರಲಿಲ್ಲ. ಚಳಿಯಾಯಿತೆಂದರೆ ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು! 1954ರಲ್ಲಿ ನ್ಯಾಶ್ ಕಂಪನಿ ಏಸಿಯ ಎಲ್ಲ ಭಾಗಗಳನ್ನೂ ಕಾರಿನ ಮುಂಭಾಗಕ್ಕೆ ತಂದಿತು. ಅಂದರೆ ಏಸಿ ಬೆಳೆದದ್ದೇ ತಿದ್ದುಪಡಿಗಳಿಂದ. ಏಸಿಯನ್ನು ತಂಪಾಗಿಸುವ ಹಳೆಯ ಆರ್-12 ಅನಿಲವನ್ನೇ ತುಂಬಿದರಾಯಿತಲ್ಲ ಎಂಬ ವಾದವೂ ಇದೆ. ಯಂತ್ರದ ಮಟ್ಟಿಗೆ ಅದು ಸರಿಯೇ. ಆದರೆ ಓಜೋನ್ ಪದರ ಕೊರೆಯುವ ಆ ಅನಿಲದ ತಯಾರಿಕೆ 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅಮೆರಿಕದಲ್ಲಿ 1995ರ ಕೊನೆಗೆ ನಿಂತಿತು. ಬದಲಿಗೆ ಬಂದ ಆರ್-134ಎ ಹಳೆಯ ಖನಿಜ ತೈಲದೊಂದಿಗೆ ಬೆರೆಯದು. ಎಣ್ಣೆ ಮರಳಿ ಬಾರದೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಾಗಾಗಿ ಎಣ್ಣೆ, ಸೀಲು, ಡ್ರೈಯರ್ ಬದಲಾಗಲಿ. ಡ್ಯಾಶ್‌ಬೋರ್ಡಿನ ಗುಂಡಿಗಳನ್ನು ಮಾತ್ರ ಮುಟ್ಟುವುದು ಬೇಡ.