ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್‌ನ ತಂತ್ರಾಂಶಗಳು: ಚಿಕ್ಕಬಳ್ಳಾಪುರ ಸೀಮೆ

ಬಿ.ಇ. ವಿದ್ಯಾರ್ಥಿಗಳ ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬ್‌ನಲ್ಲಿ ಯಾವ ತಂತ್ರಾಂಶ ಇರಬೇಕೆಂಬ ಪ್ರಶ್ನೆ ಈ ಸೀಮೆಗೆ ಬಂದದ್ದು ಪಠ್ಯಕ್ರಮದ ಜೊತೆಗೆ. ಈ ವಿಷಯದೊಡನೆ ಸೀಮೆಯ ನಂಟು ಅದಕ್ಕಿಂತ ಹಳೆಯದು. ಇಲ್ಲಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸಲಾ ಜಲಾಶಯಕ್ಕೆ ಬಂದವು. ನೀರು ಗೊತ್ತಾದ ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚಿಕೊಳ್ಳುವ ಆ ಗೇಟುಗಳಿಗಿಂತ ಒಳ್ಳೆಯ ಫೀಡ್‌ಬ್ಯಾಕ್ ಪಾಠ ಸಿಗುವುದು ಕಷ್ಟ.

1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿ.ಟಿ.ಯು.) ಸ್ಥಾಪನೆಯಾಗಿ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ ಬಂತು. 1986ರಲ್ಲಿ ಆರಂಭವಾದ ಚಿಕ್ಕಬಳ್ಳಾಪುರದ ಎಸ್.ಜೆ.ಸಿ. ತಾಂತ್ರಿಕ ಕಾಲೇಜೂ ಅದರೊಳಗೆ ಸೇರಿತು. ಸರ್ವೋ ಮೋಟಾರು, ಸಿಂಕ್ರೊ, ಆರ್.ಸಿ. ಜಾಲಗಳ ಪ್ರಯೋಗಗಳ ಪಕ್ಕದಲ್ಲೇ ಕಂಪ್ಯೂಟರ್ ಸಿಮ್ಯುಲೇಷನ್ ಜಾಗ ಪಡೆಯಿತು.

ಅಮೆರಿಕದ ಮ್ಯಾಥ್‌ವರ್ಕ್ಸ್ 1984ರಿಂದ ಮಾರುತ್ತಿರುವ ಮ್ಯಾಟ್‌ಲ್ಯಾಬ್ ಜಗತ್ತಿನೆಲ್ಲೆಡೆ ಈ ವಿಷಯದ ರೂಢಿಯಾಗಿತ್ತು. ಅದಕ್ಕೆ ಲೈಸೆನ್ಸ್ ಹಣ ಬೇಕು. ಆಕ್ಟೇವ್ ಮತ್ತು ಫ್ರಾನ್ಸ್‌ನ ಸೈಲ್ಯಾಬ್ ಉಚಿತ. ಐಐಟಿ ಬಾಂಬೆಯ ಫಾಸ್ಸಿ ಯೋಜನೆ ಕಾಲೇಜು ಲ್ಯಾಬ್‌ಗಳನ್ನು ಸೈಲ್ಯಾಬ್‌ಗೆ ಬದಲಾಯಿಸಲು ನೆರವಾಯಿತು; ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್‌ನ ಪಾಠಗಳು ಕನ್ನಡದಲ್ಲೂ ಇವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ವಿ.ಟಿ.ಯು. ಒಂದೇ ತಂತ್ರಾಂಶವನ್ನು ಕಡ್ಡಾಯ ಮಾಡಲಿಲ್ಲ. ಎಲೆಕ್ಟ್ರಾನಿಕ್ಸ್ ವಿಭಾಗದ 2022ರ ಸ್ಕೀಮ್ ಮ್ಯಾಟ್‌ಲ್ಯಾಬ್, ಪೈಥಾನ್, ಸೈಲ್ಯಾಬ್, ಆಕ್ಟೇವ್, ಲ್ಯಾಬ್‌ವ್ಯೂ ಮೊದಲಾದವುಗಳಲ್ಲಿ ಸೂಕ್ತವಾದದ್ದನ್ನು ಬಳಸಲು ಬಿಟ್ಟು, ರೂಟ್ ಲೋಕಸ್, ಬೋಡೆ, ನೈಕ್ವಿಸ್ಟ್ ಮೊದಲಾದ ಪ್ರಯೋಗಗಳನ್ನು ಮಾತ್ರ ಗೊತ್ತುಮಾಡಿತು. ಇದು ಸರಿಯಾದ ತೀರ್ಮಾನ. ಡ್ಯಾಂಪಿಂಗ್ ಅನುಪಾತ 0.5 ಇರುವ ಎರಡನೇ ದರ್ಜೆಯ ವ್ಯವಸ್ಥೆಯ ಓವರ್‌ಶೂಟ್ ಯಾವ ತಂತ್ರಾಂಶದಲ್ಲಿ ನೋಡಿದರೂ ಶೇ. 16.3.

ತೊಡಕು ಬರುವುದು ಚಿಕ್ಕ ವಿಷಯಗಳಲ್ಲಿ. ಬೋಡೆ ಚಿತ್ರದ ಅಡ್ಡ ಅಕ್ಷವನ್ನು ಮ್ಯಾಟ್‌ಲ್ಯಾಬ್ ಸೆಕೆಂಡಿಗೆ ರೇಡಿಯನ್‌ಗಳಲ್ಲಿ ತೋರಿಸಿದರೆ ಸೈಲ್ಯಾಬ್, ಬೇರೆ ಹೇಳದಿದ್ದರೆ, ಹರ್ಟ್ಸ್‌ನಲ್ಲಿ ತೋರಿಸುತ್ತದೆ. ಗಮನಿಸದ ವಿದ್ಯಾರ್ಥಿಯ ಉತ್ತರ ಸುಮಾರು 6.28 ಪಟ್ಟು ತಪ್ಪುತ್ತದೆ, ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಲ್ಯಾಬ್ ಮ್ಯಾನ್ಯುಯಲ್‌ ಬರೆಯುವ ಅಧ್ಯಾಪಕರು ಪ್ರತಿ ಪ್ರಯೋಗಕ್ಕೂ ಅಳತೆಯ ಮಾನವನ್ನೂ ಬರಬೇಕಾದ ಉತ್ತರವನ್ನೂ ಅಚ್ಚು ಹಾಕಿಸಬೇಕು, ಉಚಿತ ತಂತ್ರಾಂಶದ ಆದೇಶಗಳನ್ನು ಮೊದಲು ಕೊಡಬೇಕು.