ಹಲ್ಲುನೋವಿಗೆ ಸಾರಾಯಿ: ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಹಲ್ಲು ನೋಯುವಾಗ ಒಂದು ಗುಟುಕು ಸಾರಾಯಿಯನ್ನು ಬಾಯಲ್ಲಿ ಹಿಡಿದಿಟ್ಟರೆ ನೋವು ಇಳಿಯುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. "ಕುಡಿಯುವುದಿಲ್ಲವಲ್ಲ ಉಸ್ತಾದರೇ, ಉಗುಳುವುದು ತಾನೇ?" ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದ್ದರು. ಅವರ ವಸಡುಗಳಿಂದ ತಿಂಗಳುಗಳಿಂದ ರಕ್ತ ಒಸರುತ್ತಿತ್ತು.

ಈ ಪ್ರಶ್ನೆ ಹೊಸದಲ್ಲ. ತಾರಿಕ್ ಬಿನ್ ಸುವೈದ್(ರ) ಎಂಬ ಸಹಾಬಿ ತಾವು ಮದ್ಯವನ್ನು ಔಷಧಕ್ಕಾಗಿ ಮಾತ್ರ ತಯಾರಿಸುವುದಾಗಿ ಅರಿಕೆ ಮಾಡಿಕೊಂಡಾಗ, ಅದು ಔಷಧವಲ್ಲ, ರೋಗ ಎಂಬ ಅರ್ಥದ ಉತ್ತರವನ್ನು ಪ್ರವಾದಿವರ್ಯರು(ಸ) ನೀಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮದ್ಯ ನಿಷೇಧವಾದ ದಿನ ಅಬೂ ತಲ್ಹಾ(ರ)ರ ಮನೆಯಲ್ಲಿ ಖರ್ಜೂರದ ಮದ್ಯವನ್ನು ಬಡಿಸುತ್ತಿದ್ದವರು ಅನಸ್(ರ). ಘೋಷಣೆ ಕಿವಿಗೆ ಬಿದ್ದೊಡನೆ ಅದನ್ನು ಹೊರಗೆ ಚೆಲ್ಲಿದರು. ಮದೀನಾದ ಬೀದಿಗಳಲ್ಲಿ ಅದು ಹರಿಯಿತು.

ಅದೇ ಸಮಾಜದ ಬಾಯಿಗೆ ಮಿಸ್ವಾಕ್ ಬಂದು ಸೇರಿತು. ಅದನ್ನು ಕಡಿಯುತ್ತಿದ್ದುದು ಅರಾಕ್ ಎಂಬ ಮರದಿಂದ. ಸಾರಾಯಿಗೆ ಇಂಗ್ಲಿಷರು ಕೊಟ್ಟ 'ಅರಕ್' ಎಂಬ ಹೆಸರೂ ಅರಬಿಯದೇ, ಆದರೆ ಬೇರೆ ಅಕ್ಷರಗಳ, ಬೇರೆ ಅರ್ಥದ ಪದ. ಅದರ ಮೂಲಾರ್ಥ ಬೆವರು. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಬಹುತೇಕ ಒಂದೇ ಆಗಿ ಕಾಣುವುದು ಒಂದು ವಿನೋದ.

ವಸಡಿನ ರೋಗವನ್ನು ಕೂಲಂಕಷವಾಗಿ ಬರೆದಿಟ್ಟ ಹಿರಿಮೆ ಸ್ಪೇನಿನ ಕುರ್ತುಬಾ ನಗರದ ಬಳಿಯ ಅಝ್ಝಹ್ರಾದಲ್ಲಿ ಬಾಳಿದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರದು. ಅವರು ಸುಮಾರು 1013ರಲ್ಲಿ ನಿಧನರಾದರು. 30 ಭಾಗಗಳ ಅವರ 'ಅತ್ತಸ್ರೀಫ್' ಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಯನ್ನು ಕುರಿತದ್ದು. ಹಲ್ಲುಗಳ ಒಳಹೊರಗೆ ಮತ್ತು ವಸಡಿನ ಸಂದಿಯಲ್ಲಿ ಒರಟಾದ ಪಾಚಿ ಕಟ್ಟಿ ಕಪ್ಪು, ಹಳದಿ, ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದರ ಕೆಡುಕು ವಸಡಿಗೂ ತಗಲುತ್ತದೆ ಎಂದು ಅವರು ಗುರುತಿಸಿದರು. ರೋಗಿಯ ತಲೆಯನ್ನು ವೈದ್ಯನು ತನ್ನ ಮಡಿಲಲ್ಲಿಟ್ಟುಕೊಂಡು ಅದನ್ನು ಕೆರೆದು ತೆಗೆಯಬೇಕು. ಒಮ್ಮೆಗೆ ಹೋಗದಿದ್ದರೆ ಮರುದಿನವೂ, ಅದರ ಮರುದಿನವೂ. ಇದಕ್ಕಾಗಿ ಬಗೆಬಗೆಯ ಕೆರೆಯುವ ಉಪಕರಣಗಳ ಚಿತ್ರಗಳನ್ನೇ ಬಿಡಿಸಿ ತೋರಿಸಿದರು. ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯುವ ವಿಧಾನವೂ ಅಲ್ಲಿದೆ. ಬೆಳ್ಳಿ ಬೇಡ, ಅದು ಕೆಲವೇ ದಿನಗಳಲ್ಲಿ ಹಸಿರಾಗುತ್ತದೆಂಬ ಎಚ್ಚರಿಕೆಯೊಂದಿಗೆ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡ ಈ ಭಾಗವನ್ನು ಯುರೋಪಿನ ವೈದ್ಯರು ಶತಮಾನಗಳ ಕಾಲ ಓದಿದರು.

ಮದ್ಯವು ಈ ರೋಗವನ್ನು ಹೇಗೆ ಬೆಳೆಸುತ್ತದೆ ಎಂಬುದು ಸ್ಪಷ್ಟವಾದದ್ದು ಇತ್ತೀಚೆಗೆ. ಬಾಯಿಯ ಕಾವಲುಗಾರ ಜೊಲ್ಲು. ಅದು ಆಮ್ಲವನ್ನು ತಗ್ಗಿಸಿ, ಬ್ಯಾಕ್ಟೀರಿಯಾಗಳನ್ನು ತೊಳೆದು ಹಾಕುತ್ತದೆ. ಮದ್ಯ ಬಾಯಿಯನ್ನು ಒಣಗಿಸುತ್ತದೆ, ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಪಾಚಿ ವಸಡಿನ ಕೆಳಗಿಳಿದು ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ದೀರ್ಘಕಾಲದ ಕುಡಿತದಿಂದ ಯಕೃತ್ತು ಕೆಟ್ಟರೆ ರಕ್ತ ಹೆಪ್ಪುಗಟ್ಟುವುದೇ ಕಷ್ಟ. ಇನ್ನೂ ಘೋರವಾದುದು, ಬಾಯಿಯ ಬ್ಯಾಕ್ಟೀರಿಯಾಗಳೇ ಮದ್ಯವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 1988ರಲ್ಲಿಯೇ ಮದ್ಯಪಾನೀಯಗಳನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಜೊತೆಗೆ ಬೀಡಿಯೋ ತಂಬಾಕೋ ಇದ್ದರೆ ಬಾಯಿ ಕ್ಯಾನ್ಸರ್‌ನ ಅಪಾಯ ಹಲವು ಪಟ್ಟು ಏರುತ್ತದೆ. ಮದ್ಯ ಮುಟ್ಟದ ನಮ್ಮ ಎಷ್ಟೋ ಮನೆಗಳಲ್ಲಿ ಎಲೆಯಡಿಕೆಯ ಜೊತೆ ತಂಬಾಕು ನಿರಾತಂಕವಾಗಿ ಸಾಗಿದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಸಾರಾಯಿ ಹಲ್ಲಿನ ನೋವನ್ನು ಕ್ಷಣಕಾಲ ಮರಗಟ್ಟಿಸೀತು. ಗಾಯಗೊಂಡ ವಸಡನ್ನು ಅದು ಸುಡುತ್ತದೆ, ಪಾಚಿಯಂತೂ ಇದ್ದಲ್ಲೇ ಇರುತ್ತದೆ. ಆ ಹಿರಿಯರಿಗೆ ಇಷ್ಟನ್ನೇ ಹೇಳಿ ದಂತವೈದ್ಯರ ಬಳಿ ಕಳುಹಿಸಿದೆ. ಎರಡು ಭೇಟಿಗಳಲ್ಲಿ ಪಾಚಿ ಕೆರೆದು ತೆಗೆದರಂತೆ. ಒಂದು ಹಲ್ಲು ಉಳಿಯಲಿಲ್ಲ.