ಪಾನುಂಗಲ್ಲು ನಾಡಿನ ರೋಗಿ ನಡೆದ ದಾರಿ

ಹಾನಗಲ್ಲು ಅಂದು ಪಾನುಂಗಲ್ಲಾಗಿತ್ತು. ಕಲ್ಯಾಣದ ಚಾಲುಕ್ಯರು ಚಕ್ರವರ್ತಿಗಳಾಗಿ ಆಳುತ್ತಿದ್ದ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ, ಪಾನುಂಗಲ್ಲು ಐನೂರು ಎಂಬ ಎರಡು ನಾಡುಗಳ ಹೆಸರು ಶಾಸನಗಳಲ್ಲಿ ಅವಳಿ ಮಕ್ಕಳಂತೆ ಒಟ್ಟಿಗೇ ಬರುತ್ತಿದ್ದವು. ಪಾನುಂಗಲ್ಲಿನಲ್ಲಿ ಕದಂಬರ ಆಳ್ವಿಕೆ, ತಾರಕೇಶ್ವರನ ಗುಡಿ. ಉತ್ತರಕ್ಕೆ, ಇಂದು ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಬಂಕಾಪುರ. ದಕ್ಷಿಣಕ್ಕೆ ಹಿರೇಕೆರೂರಿನ ಕೆರೆಗಳ ಸಾಲು, ಅದರಾಚೆ ರಾಜಧಾನಿ ಬಳ್ಳಿಗಾವೆ. ಈ ನೆಲದ ಅರಸರ ಯುದ್ಧಗಳನ್ನು ಬರೆದವರು ಬಹಳ. ಈ ನೆಲದ ಬಡವನೊಬ್ಬ ಜ್ವರದಲ್ಲಿ ಮಲಗಿದಾಗ ಅವನನ್ನು ಯಾರು ಎತ್ತಿದರು ಎಂಬುದನ್ನು ಬರೆದವರು ಕಡಿಮೆ. ನನಗೆ ಬೇಕಾದದ್ದು ಆ ಕಥೆ.

ಅದು ಬಂಕಾಪುರದಿಂದ ಮೊದಲಾಗುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಸೇನಾಪತಿ ಬಂಕೆಯನ ಹೆಸರು ಹೊತ್ತ ಊರು ಅದು. 898ರಲ್ಲಿ ಗುಣಭದ್ರರ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಅಲ್ಲಿಯೇ. ಗಂಗರ ಮಾರಸಿಂಹ ರಾಜ್ಯ ತೊರೆದು ಬಂದು ಸಲ್ಲೇಖನದಿಂದ ದೇಹ ಬಿಟ್ಟದ್ದೂ ಅಲ್ಲಿಯೇ. ಜೈನರು ಎಣಿಸುವ ದಾನ ನಾಲ್ಕು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಹಸಿದವನಿಗೆ ಅನ್ನ ಹೇಗೋ ಹಾಗೆಯೇ ನರಳುವವನಿಗೆ ಮದ್ದು ಎಂದು ಒಂದೇ ಸಾಲಿನಲ್ಲಿ ಕೂರಿಸಿದ ಈ ಎಣಿಕೆ ಸಣ್ಣದಲ್ಲ. ಮದ್ದು ಮಾರುವ ಸರಕಲ್ಲ, ಕೊಡುವ ವಸ್ತು ಎಂಬ ಮಾತು ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮದ್ದಿನ ವಿದ್ಯೆಯೂ ಕನ್ನಡಕ್ಕೆ ಬೇಗನೆ ಇಳಿಯಿತು. ಚಾಲುಕ್ಯರ ಕುಲದ ಕೀರ್ತಿವರ್ಮ 12ನೆಯ ಶತಮಾನದಲ್ಲಿ ದನಕರುಗಳ ರೋಗಕ್ಕೆಂದು ಗೋವೈದ್ಯವನ್ನು ಬರೆದ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಸಂಸ್ಕೃತ ಬಾರದ ವೈದ್ಯನ ಕೈಗೂ ಶಾಸ್ತ್ರ ಎಟುಕುವಂತಾಯಿತು.

ಆದರೆ ವಿದ್ಯೆ ಒಂದು, ಅದನ್ನು ಬಡವನ ಮಂಚದವರೆಗೆ ತರುವ ಮನೆ ಮತ್ತೊಂದು. ಅಂಥ ಮನೆ ಬಳ್ಳಿಗಾವೆಯಲ್ಲಿತ್ತು. ಹೆಸರು ಕೋಡಿಯ ಮಠ. ದಕ್ಷಿಣ ಕೇದಾರವೆನಿಸಿದ ಕೇದಾರೇಶ್ವರನ ಗುಡಿಗೆ ಸೇರಿದ ಕಾಳಾಮುಖ ಶೈವರ ಮಠ ಅದು. ಕಲಚೂರಿ ಬಿಜ್ಜಳ ಕಲ್ಯಾಣದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿದ್ದ ದಿನಗಳಲ್ಲಿ, 1162ರಲ್ಲಿ, ಅಲ್ಲಿ ನೆಟ್ಟ ಶಾಸನ ಆ ಮಠವನ್ನು ಬಣ್ಣಿಸುತ್ತದೆ. ಆಗ ಗುರುವಾಗಿದ್ದವರು ವಾಮಶಕ್ತಿ ಪಂಡಿತರು. ನಾಲ್ಕು ವೇದ, ಹಲವು ವ್ಯಾಕರಣ, ಆರು ದರ್ಶನ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಂದು ಕಲಿಕೆಯ ಪಟ್ಟಿ ಮೊದಲು ಬರುತ್ತದೆ. ಆಮೇಲೆ ಅನ್ನದ ಪಟ್ಟಿ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕಥೆ ಹೇಳುವವರು, ಕ್ಷಪಣಕರು, ದೇಶದೇಶದಿಂದ ಬಂದ ಭಿಕ್ಷುಕರು. ಅನ್ನದ ಬೆನ್ನಿಗೇ ಇನ್ನೊಂದು ಮಾತು. ದಿಕ್ಕಿಲ್ಲದ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಮಾಡುವ ಜಾಗ ಇದು, ಸಕಲ ಜೀವಗಳಿಗೂ ಅಭಯ ಕೊಡುವ ಜಾಗ ಇದು ಎಂದು ಕಲ್ಲು ಹೇಳುತ್ತದೆ.

ಆ ಪಟ್ಟಿಯಲ್ಲಿ ಕ್ಷಪಣಕರ ಹೆಸರಿದೆ ಎಂಬುದರ ಮೇಲೆ ಓದುಗರು ಒಂದು ಗಳಿಗೆ ನಿಲ್ಲಬೇಕು. ಅನ್ಯಮತದ, ಅಂದರೆ ಜೈನ, ಸಂನ್ಯಾಸಿಗಳವರು. ಅದೇ ಬಿಜ್ಜಳನ ಕಾಲದಲ್ಲಿ, ಬಳ್ಳಿಗಾವೆಗೆ ದೂರವಲ್ಲದ ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ, ಶಿವಭಕ್ತ ಏಕಾಂತದ ರಾಮಯ್ಯನಿಗೂ ಜೈನರಿಗೂ ಘೋರವಾದ ಪಣ ನಡೆದು, ವಾದ ಅರಸನವರೆಗೂ ಹೋಯಿತೆಂದು ಅಲ್ಲಿಯ ಶಾಸನ ಸಾರುತ್ತದೆ. ಒಂದು ಊರಿನಲ್ಲಿ ಮತದ ಹೆಸರಿನ ಕಾಳಗ, ಪಕ್ಕದ ಊರಿನಲ್ಲಿ ಮತ ಕೇಳದೆ ಬಡಿಸಿದ ಎಲೆ. ಆ ಯುಗವನ್ನು ಒಂದೇ ಬಣ್ಣದಲ್ಲಿ ಬರೆಯಲಾಗದು. ಎರಡರಲ್ಲಿ ದೊಡ್ಡದು ಯಾವುದೆಂದು ಕೇಳಿದರೆ, ಬಡಿಸಿದ ಎಲೆಯೇ ದೊಡ್ಡದು ಎನ್ನುತ್ತೇನೆ.

ಕೋಡಿಯ ಮಠದಲ್ಲಿ ಎಷ್ಟು ಮಂಚಗಳಿದ್ದವೆಂದು ಶಾಸನ ಎಣಿಸುವುದಿಲ್ಲ. ಬೇರೆ ನಾಡಿನ ಕಲ್ಲುಗಳು ಎಣಿಸುತ್ತವೆ. ಚೋಳ ವೀರರಾಜೇಂದ್ರನ ಕಾಲದ ತಿರುಮುಕ್ಕೂಡಲ್ ಶಾಸನದಲ್ಲಿ ಹದಿನೈದು ಹಾಸಿಗೆಗಳ ಆತುರಶಾಲೆ ಇದೆ. ಅಲ್ಲಿ ವೈದ್ಯ, ಶಸ್ತ್ರಚಿಕಿತ್ಸಕ, ಮೂಲಿಕೆ ಮತ್ತು ಸೌದೆ ತರುವ ಆಳುಗಳು, ಆರೈಕೆಯ ಹೆಂಗಸರು, ಕ್ಷೌರಿಕ, ಇರುಳಿಗೊಂದು ದೀಪ. ಕಾಕತೀಯ ರುದ್ರಮದೇವಿಯ ಕಾಲದ, 1261ರ ಮಲ್ಕಾಪುರಂ ಶಾಸನದಲ್ಲಿ ಶೈವ ಮಠವೊಂದು ಆರೋಗ್ಯಶಾಲೆಯ ಜೊತೆಗೆ ಪ್ರಸೂತಿಶಾಲೆಯನ್ನೂ ನಡೆಸಿತು.

ಇವೆಲ್ಲ ನಡೆದದ್ದು ದತ್ತಿಯ ಬಲದಿಂದ. ಗುರುವಿನ ಕಾಲು ತೊಳೆದು, ಧಾರೆ ಎರೆದು, ಅರಸನೋ ಸಾಮಂತನೋ ಭೂಮಿ ಬಿಡುತ್ತಿದ್ದ. ಆ ಭೂಮಿಗೆ ತೆರಿಗೆಯಿಲ್ಲ, ಅದನ್ನು ಮಾರುವಂತಿಲ್ಲ. ವರ್ತಕರು ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಇಷ್ಟು ಎಣ್ಣೆ ಎಂದು ಕಟ್ಟು ಮಾಡಿಕೊಡುತ್ತಿದ್ದರು. ಬಂಕಾಪುರದ ಅರವತ್ತಾರು ಕಂಬದ ಗುಡಿಗೆ ನಗರೇಶ್ವರ ಎಂಬ ಹೆಸರು ಬಂದದ್ದು ಆ ವರ್ತಕ ಸಂಘವಾದ ನಗರದಿಂದಲೇ. ರೋಗಿ ಬರಿಗೈಯಲ್ಲಿ ಬಂದರೂ ಚಿಕಿತ್ಸೆ ನಿಲ್ಲದಿರಲು ಕಾರಣ ವೈದ್ಯನ ಕರುಣೆ ಒಂದೇ ಅಲ್ಲ. ರೋಗಿಯ ಬೆನ್ನ ಹಿಂದೆ ಎಲ್ಲೋ ಒಂದು ಗದ್ದೆ ಬೆಳೆಯುತ್ತಿತ್ತು. ಆ ಗದ್ದೆಯನ್ನು ಕಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂದು ಶಾಸನಗಳು ಕೊನೆಯಲ್ಲಿ ಶಪಿಸುತ್ತಿದ್ದುದು ಸುಮ್ಮನೆ ಅಲ್ಲ.

ಶಾಪ ಎಷ್ಟು ದಿನ ಕಾದೀತು? 1196ರಲ್ಲಿ ಹೊಯ್ಸಳ ವೀರಬಲ್ಲಾಳ ಪಾನುಂಗಲ್ಲಿಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವ ಅವನನ್ನು ಹಿಮ್ಮೆಟ್ಟಿಸಿದ. ಆದರೆ ಯುದ್ಧಗಳು ಅಲ್ಲಿಗೆ ಮುಗಿಯಲಿಲ್ಲ. ಅರಸು ಮನೆತನಗಳು ಅಳಿದವು, ದತ್ತಿಗಳು ಅಳಿದವು, ಬಳ್ಳಿಗಾವೆ ಹಳ್ಳಿಯಾಯಿತು. ಮುಂದಿನ ಶತಮಾನಗಳಲ್ಲಿ ಈ ಸೀಮೆಯ ರೋಗಿಗೆ ಉಳಿದದ್ದು ಮನೆಮದ್ದು, ನಾಟಿ ವೈದ್ಯರು, ಹರಕೆ. 1876ರಿಂದ 78ರವರೆಗೆ ಧಾತು ಈಶ್ವರ ಬರ ಊರೂರನ್ನೇ ತೆರವು ಮಾಡಿತು. 1898ರ ಹೊತ್ತಿಗೆ ಹುಬ್ಬಳ್ಳಿಗೆ ಪ್ಲೇಗು ಬಂತು.

ಎರಡನೆಯ ಮನೆ ಎದ್ದದ್ದು ಆ ಕೇಡುಗಾಲದ ಬೆನ್ನಿಗೆ. ಬಾಸೆಲ್ ಮಿಷನ್ನಿನವರು 1841ರಲ್ಲೇ ಗದಗಿನ ಬೆಟಗೇರಿಯಲ್ಲಿ ನೆಲೆ ಮಾಡಿದ್ದರು. 1886ರಲ್ಲಿ ಅವರ ವೈದ್ಯ ಲೀಬೆನ್‌ಡೋರ್ಫರ್ ಕಲ್ಲಿಕೋಟೆಯಲ್ಲಿ ಕೆಲಸ ತೊಡಗಿದರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಟಗೇರಿಯಲ್ಲಿಯೂ ಆಸ್ಪತ್ರೆ ಎದ್ದಿತು. ಜನ ಅದನ್ನು ಜರ್ಮನ್ ದವಾಖಾನೆ ಎಂದರು, ಇಂದಿಗೂ ಹಾಗೇ ಅನ್ನುತ್ತಾರೆ. ಸವಣೂರು ಆಗ ನವಾಬರ ಪುಟ್ಟ ಸಂಸ್ಥಾನ. ಅಲ್ಲಿಯ ರೋಗಿ ಯಲವಿಗಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಾಯಿಸಿ, ಗದಗಿನಲ್ಲಿ ಇಳಿಯಬಹುದಿತ್ತು. ಹಾನಗಲ್ಲಿಗೂ ಹಿರೇಕೆರೂರಿಗೂ ಅಂದು ರೈಲಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಬಸುರಿಯನ್ನೋ ಮುದುಕನನ್ನೋ ಮಲಗಿಸಿ ಹೊರಡಬೇಕಿತ್ತು. ಧರ್ಮಪ್ರಚಾರ ಮಿಷನ್ನಿನ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಅಲ್ಲಿ ಉಳಿದ ಜೀವಗಳನ್ನೂ ಮರೆಯಬೇಕಿಲ್ಲ. ಅದರ ದತ್ತಿಯ ಗದ್ದೆ ದೂರದ ಯುರೋಪಿನಲ್ಲಿತ್ತು, ಅಲ್ಲಿಯ ಭಕ್ತರ ಕಾಣಿಕೆಯ ರೂಪದಲ್ಲಿ. 1914ರ ಮಹಾಯುದ್ಧ ಆ ನಂಟನ್ನೂ ಕಡಿಯಿತು. ಜರ್ಮನ್ ಮಿಷನರಿಗಳು ಸೆರೆಯಾದರು, ದೇಶ ಬಿಟ್ಟರು. ಆದರೂ ದವಾಖಾನೆ ಉಳಿಯಿತು. ಇಂದು ಅದು ದಕ್ಷಿಣ ಭಾರತ ಸಭೆಯ ಆಸ್ಪತ್ರೆ.

ಅದೇ ದಿನಗಳಲ್ಲಿ ಹಾನಗಲ್ಲಿನ ವಿರಕ್ತಮಠದಲ್ಲಿ ಕುಮಾರ ಸ್ವಾಮಿಗಳಿದ್ದರು. 1867ರಲ್ಲಿ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದವರು, 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದವರು. ಹಾನಗಲ್ ತಾಲ್ಲೂಕಿನ ಕಡಶೆಟ್ಟಿಹಳ್ಳಿಯಲ್ಲಿ ಕಣ್ಣಿಲ್ಲದ ಇಬ್ಬರು ಅಣ್ಣತಮ್ಮಂದಿರಿದ್ದರು. ಸ್ವಾಮಿಗಳು ಅವರನ್ನು ಕರೆದುಕೊಂಡು ಬಂದು ಸಂಗೀತ ಕಲಿಸಿದರು. ಅವರಲ್ಲೊಬ್ಬರು ಪಂಚಾಕ್ಷರಿ ಗವಾಯಿಗಳಾದರು. ಅವರ ಕೈಯಲ್ಲಿ ಬೆಳೆದವರು, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ದೇವಗಿರಿಯ ಪುಟ್ಟರಾಜರು. ಈ ಗುರುಶಿಷ್ಯರು ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಕುರುಡು ಮಕ್ಕಳ ತವರಾಯಿತು. ವೈದ್ಯಕ್ಕೆ ನಿಲುಕದ ಕಣ್ಣಿಗೆ ಮಠ ಕೊರಳನ್ನು ಕೊಟ್ಟಿತು. ಇದು ಕೋಡಿಯ ಮಠದ ಪಟ್ಟಿಯ ಮುಂದುವರಿಕೆಯೇ ಎಂದು ನಾನು ತಿಳಿದಿದ್ದೇನೆ.

ಕುಮಾರ ಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. 1906ರಷ್ಟು ಹಳೆಯದಾದ ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 2002ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಅದರ ಆಸ್ಪತ್ರೆಗೆ ಇಟ್ಟದ್ದು ಸ್ವಾಮಿಗಳದೇ ಹೆಸರು: ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ. ಹಾನಗಲ್ಲಿನ ಹೆಸರು ಹೊತ್ತ ದವಾಖಾನೆ ಹಾನಗಲ್ಲಿನಿಂದ ಬಹು ದೂರದಲ್ಲಿದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರಿನ ಒಕ್ಕಲಿಗರೇ, ವರ್ತಕರೇ, ಊರು ಬಿಟ್ಟು ಗಳಿಸಿದವರೇ, ನೀವು ಗುಡಿಯ ಗೋಪುರಕ್ಕೆ, ಜಾತ್ರೆಯ ದಾಸೋಹಕ್ಕೆ ದತ್ತಿ ಬಿಡುವ ದಿನ, ನಿಮ್ಮ ಸೀಮೆಯಲ್ಲಿ ಬಡರೋಗಿಯನ್ನು ಕೈಬಿಡದ ಧರ್ಮದ ದವಾಖಾನೆಯೊಂದಕ್ಕೂ ಒಂದು ಪಾಲು ಬರೆದಿಡಿ.